ಮನೆಯವರು ಬಂದ ಕೂಡಲೇ ನಗು ನಿಲ್ಲುತ್ತಿದೆ: ರೊಮ್ಯಾಂಟಿಕ್ ಕಾಮಿಡಿ ಸ್ಕ್ರಿಪ್ಟಿನ ಸೆಕೆಂಡ್ ಹಾಫ್ ಸರಿ ಮಾಡುವುದು ಹೇಗೆ?

ಎರಡನೇ_ಡ್ರಾಫ್ಟ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರೀತಿಗೂ ಮನೆಯವರಿಗೂ ಸಮಪಾಲು ಇರುವ ಒಂದು ರೊಮ್ಯಾಂಟಿಕ್ ಕಾಮಿಡಿಯ ಎರಡನೇ ಡ್ರಾಫ್ಟ್ ಮುಗಿದಿದೆ. 128 ಪುಟ. ಮೊದಲ 60 ಪುಟ ಓದಿದವರೆಲ್ಲ ನಗುತ್ತಾರೆ. ಆಮೇಲೆ ಹುಡುಗಿಯ ಮನೆಯವರು ಪೂರ್ತಿಯಾಗಿ ಕಥೆಯೊಳಗೆ ಬರುತ್ತಾರೆ, ನಗು ಅಲ್ಲಿಗೇ ನಿಂತು ಕಣ್ಣೀರಿನ ಧಾರಾವಾಹಿ ಆಗಿಬಿಡುತ್ತದೆ.

ಕಥೆ ಇಷ್ಟು. ಹುಡುಗಿಯ ಅಪ್ಪ ಗಡಿಯಾರ ರಿಪೇರಿ ಮಾಡುವವರು, ಲೋಲಕದ ಹಳೆಯ ಗಡಿಯಾರಗಳಲ್ಲಿ ಎತ್ತಿದ ಕೈ. ಈಗ ಕಿವಿ ಮಂದವಾಗಿದೆ, ಯಾರಿಗೂ ಹೇಳಿಲ್ಲ. ಅವರು ಸರಿ ಮಾಡಿಟ್ಟ ಗಡಿಯಾರಗಳ ಟಿಕ್-ಟಾಕ್ ಏರುಪೇರಾಗಿರುತ್ತದೆ. ಮಗಳು ರಾತ್ರಿ ಎಲ್ಲರೂ ಮಲಗಿದ ಮೇಲೆ ಅದನ್ನು ತಿದ್ದುತ್ತಾಳೆ. ಹೀರೊ ತನ್ನ ತಾತನ ಗಡಿಯಾರ ರಿಪೇರಿಗೆ ತಂದವನು. ಅವನ ಕೆಲಸ ಬೇರೆ ಊರಿನಲ್ಲಿ, ಅವಳು ಜೊತೆಗೆ ಬರಲು ಒಪ್ಪುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. 85ನೇ ಪುಟದಲ್ಲಿ ಅವಳನ್ನು ಹಳೆಯ ಸಹಪಾಠಿಯೊಬ್ಬನ ಜೊತೆ ನೋಡಿ ತಪ್ಪು ತಿಳಿದು ಹೊರಟುಹೋಗುತ್ತಾನೆ. 92ರಲ್ಲಿ ವೈದ್ಯರ ಬಾಯಿಂದ ಅಪ್ಪನ ಗುಟ್ಟು ಬಯಲಾಗುತ್ತದೆ. ಕ್ಲೈಮ್ಯಾಕ್ಸ್ ರೈಲು ನಿಲ್ದಾಣದಲ್ಲಿ. ಮನೆಯಲ್ಲಿ ಅಪ್ಪ, ಅಮ್ಮ, ಅಕ್ಕ, ಭಾವ, ಅಜ್ಜಿ ಇದ್ದಾರೆ.

ಕೇಳಬೇಕಾದ್ದು: ನಗು ಎಲ್ಲಿ ಸೋರಿಹೋಗುತ್ತಿದೆ? ಐದು ಜನ ಮನೆಯವರನ್ನು ಹೇಗೆ ಹಿಡಿದಿಡುವುದು? ಏಳು ಜನ ಕೂತ ಊಟದ ಮೇಜಿನ 9 ಪುಟದ ದೃಶ್ಯವೊಂದಿದೆ, ಅದನ್ನು ಚಿತ್ರೀಕರಿಸುವಾಗ ಏನು ಗಮನಿಸಬೇಕು?

ಪುಟ_ಎಣಿಕೆ ಉತ್ತರಿಸಿದ್ದು:

ತೊಂದರೆ ಕಾಣಿಸಿಕೊಳ್ಳುವುದು 60ನೇ ಪುಟದಲ್ಲಿ, ಅದರ ಬೇರು ಇರುವುದು 92ರಲ್ಲಿ. ನಿಮ್ಮ ಕೈಯಲ್ಲಿರುವ ಅತ್ಯಂತ ಒಳ್ಳೆಯ ವಿಷಯವನ್ನು, ಅಂದರೆ ಮಗಳು ರಾತ್ರಿ ಗಡಿಯಾರ ತಿದ್ದುವುದನ್ನು, ಪ್ರೇಕ್ಷಕರಿಂದ ಮುಚ್ಚಿಟ್ಟಿದ್ದೀರಿ. ಹಾಗಾಗಿ 60ರಿಂದ 92ರವರೆಗೆ ಅವಳು ಕಾರಣವಿಲ್ಲದೆ ಹಠ ಮಾಡುವವಳಂತೆ ಕಾಣುತ್ತಾಳೆ. ಕಾರಣ ಗೊತ್ತಿಲ್ಲದ ಹಠ ನೋಡಿ ಯಾರೂ ನಗುವುದಿಲ್ಲ.

ಆ ದೃಶ್ಯವನ್ನು 18ರಿಂದ 22ನೇ ಪುಟದೊಳಗೆ ತನ್ನಿ. ಒಂದೂ ಮಾತು ಬೇಡ. ರಾತ್ರಿ, ಅಂಗಡಿ, ಅವಳು ಗಡಿಯಾರದ ಪೆಟ್ಟಿಗೆಗೆ ಕಿವಿ ಹಚ್ಚುತ್ತಾಳೆ. ಟಿಕ್‌ಗೂ ಟಾಕ್‌ಗೂ ನಡುವಿನ ಅಂತರ ಸಮವಾಗಿರಬೇಕು. ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ ಇದ್ದರೆ ಆ ಗಡಿಯಾರ ಸ್ವಲ್ಪ ಹೊತ್ತು ನಡೆದು ತಾನಾಗಿ ನಿಂತುಹೋಗುತ್ತದೆ. ಲೋಲಕವನ್ನು ತಳ್ಳುವ ಹಿಂದಿನ ಸಣ್ಣ ಕಡ್ಡಿಯನ್ನು ಕೂದಲೆಳೆಯಷ್ಟು ಬಗ್ಗಿಸಿದರೆ ಸರಿಹೋಗುತ್ತದೆ. ಅವಳು ಅಷ್ಟು ಮಾಡಿ, ಅಪ್ಪ ಇಟ್ಟ ಜಾಗದಲ್ಲೇ ಗಡಿಯಾರವನ್ನು ಇಟ್ಟು ದೀಪ ಆರಿಸುತ್ತಾಳೆ. ಬೆಳಿಗ್ಗೆ ಅಪ್ಪ ಗಿರಾಕಿಗೆ ಹೆಮ್ಮೆಯಿಂದ ಅದನ್ನೇ ಕೊಡುತ್ತಾರೆ. ಇಷ್ಟಾದರೆ ಅವಳು ಅಪ್ಪನನ್ನು ಪ್ರೀತಿಸುತ್ತಾಳೆ ಎಂದು ಇನ್ನೊಮ್ಮೆ ಹೇಳುವ ಅಗತ್ಯವೇ ಬೀಳುವುದಿಲ್ಲ. ಇದಾದ ಮೇಲೆ ಮನೆಯ ಪ್ರತಿ ದೃಶ್ಯಕ್ಕೂ ಎರಡು ಪದರ. ಹೀರೊ ಸಂಜೆ ಅಂಗಡಿ ಮುಚ್ಚುವವರೆಗೂ ಕೂತರೆ ಅವಳು ಅವನನ್ನು ಓಡಿಸಲು ಪರದಾಡುವುದೇ ಕಾಮಿಡಿ, ಯಾಕೆಂದರೆ ರಾತ್ರಿ ಅವಳಿಗೆ ಏನು ಕೆಲಸವಿದೆ ಎಂದು ನಮಗೆ ಗೊತ್ತು.

ಸಸ್ಪೆನ್ಸ್ ಚಿತ್ರಗಳ ನಿರ್ದೇಶಕ ಹಿಚ್‌ಕಾಕ್ ಹೇಳುತ್ತಿದ್ದ ಮೇಜಿನ ಕೆಳಗಿನ ಬಾಂಬಿನ ಲೆಕ್ಕ ಇಲ್ಲಿಗೂ ಒಪ್ಪುತ್ತದೆ. ಬಾಂಬು ತಟ್ಟನೆ ಸಿಡಿದರೆ 15 ಸೆಕೆಂಡಿನ ಬೆಚ್ಚು, ಮೊದಲೇ ತೋರಿಸಿದರೆ 15 ನಿಮಿಷದ ಕುತೂಹಲ. ನಗೆಯ ವಿಷಯದಲ್ಲೂ ಅದೇ ಮಾತು. 1995ರ ‘ವೈಲ್ ಯು ವರ್ ಸ್ಲೀಪಿಂಗ್’ ಚಿತ್ರದಲ್ಲಿ ನಾಯಕಿ ಆ ಮನೆಯ ಹುಡುಗನಿಗೆ ನಿಶ್ಚಯವಾದವಳಲ್ಲ ಎಂಬುದು ನಮಗೆ ಶುರುವಿನಲ್ಲೇ ಗೊತ್ತು, ಮನೆಯವರಿಗೆ ಗೊತ್ತಿಲ್ಲ. ಇಡೀ ಚಿತ್ರದ ನಗು ಅದರ ಮೇಲೆ ನಿಂತಿದೆ. ಅವಳು ನಿಜ ಹೇಳದಿರುವುದು ಹೆದರಿಕೆಯಿಂದಷ್ಟೇ ಅಲ್ಲ, ಆ ಮನೆಯವರನ್ನೇ ಪ್ರೀತಿಸತೊಡಗಿದ್ದಾಳೆ, ಹೇಳಿದರೆ ಅವರು ಕೈತಪ್ಪುತ್ತಾರೆ. ನಿಮ್ಮ ನಾಯಕಿಯ ಸುಳ್ಳೂ ಅದೇ ಜಾತಿಯದು, ಅದನ್ನು ಮುಚ್ಚಿಡಬೇಡಿ.

ಇನ್ನು ಸಹಪಾಠಿ. ಇಬ್ಬರ ಜಗಳ ಒಂದು ಫೋನ್ ಕರೆಯಲ್ಲಿ ಬಗೆಹರಿಯುವಂತಿದ್ದರೆ ಆ ಜಗಳ ಸ್ಕ್ರಿಪ್ಟಿನಲ್ಲಿ ಇರಬಾರದು. ‘ಅವನು ನನ್ನ ಕ್ಲಾಸ್‌ಮೇಟ್’ ಎಂದರೆ ನಿಮ್ಮದು ಮುಗಿಯಿತು. ಆ ಪಾತ್ರವನ್ನು ಪೂರ್ತಿ ತೆಗೆಯಿರಿ. ಬದಲಿಗೆ ಹೀರೊನಿಗೆ ಮೊದಲ 10 ಪುಟದಲ್ಲೇ ಒಂದು ಸ್ವಭಾವ ಕೊಡಿ: ಕೆಟ್ಟದ್ದೇನು ಕಂಡರೂ ಸರಿ ಮಾಡಲು ಕೈ ಹಾಕುವವನು. ಸಡಿಲವಾದ ಬಾಗಿಲ ಚಿಲಕ, ಓರೆಯಾದ ಚಿತ್ರಪಟ, ಬೇರೆಯವರ ಜಗಳ. ನಾವೂ ಅವಳೂ ಅವನನ್ನು ಇಷ್ಟಪಡುವುದು ಇದಕ್ಕೇ. 78-80ನೇ ಪುಟದ ಸುಮಾರಿಗೆ, ಅದೇ ಊಟದ ಮೇಜಿನ ಮೇಲೆ, ಎಲ್ಲರ ಎದುರು, ಒಳ್ಳೆಯ ಮನಸ್ಸಿನಿಂದಲೇ, ಅವನು ಅಪ್ಪನ ಮುಂದೆ ಶ್ರವಣ ಯಂತ್ರದ ಡಬ್ಬಿ ಇಡುತ್ತಾನೆ. ಅವನು ಮಾಡಿದ್ದು ಸರಿ, ಮಾಡಿದ ಜಾಗ ತಪ್ಪು. ಅವಳ ಸಿಟ್ಟೂ ಸರಿ. ಹೀಗೆ ಇಬ್ಬರ ಕಡೆಯೂ ನ್ಯಾಯವಿರುವ ಜಗಳಕ್ಕೆ ಫೋನ್ ಕರೆ ಸಾಲದು, ಇಬ್ಬರಲ್ಲಿ ಒಬ್ಬರಾದರೂ ಬದಲಾಗಬೇಕು.

ಪುಟದ ಲೆಕ್ಕವನ್ನೂ ನೋಡಿಬಿಡಿ. ಒಂದು ಪುಟಕ್ಕೆ ಒಂದು ನಿಮಿಷ ಎಂಬುದು ಸರಾಸರಿ ಮಾತ್ರ. ಪಟಪಟ ಮಾತಿನ ಪುಟ 45 ಸೆಕೆಂಡಿಗೇ ಮುಗಿಯಬಹುದು. ರಾತ್ರಿ ಗಡಿಯಾರ ತಿದ್ದುವುದು ಕಾಗದದ ಮೇಲೆ ಅರ್ಧ ಪುಟವೂ ಇಲ್ಲ, ತೆರೆಯ ಮೇಲೆ ಎರಡು ನಿಮಿಷ ಹಿಡಿಯುತ್ತದೆ. ಈ ಜಾತಿಯ ಚಿತ್ರಕ್ಕೆ 105ರಿಂದ 110 ಪುಟ ಹಿತವಾಗಿರುತ್ತದೆ. ಸಹಪಾಠಿಯನ್ನೂ ವೈದ್ಯರ ವಿವರಣೆಯನ್ನೂ ರೈಲು ನಿಲ್ದಾಣವನ್ನೂ ತೆಗೆದರೆ ಹತ್ತಿರ ಬರುತ್ತೀರಿ.

ಊಟದ_ಮೇಜು ಉತ್ತರಿಸಿದ್ದು:

ಮೇಲಿನದ್ದಕ್ಕೆ ನನ್ನ ಒಪ್ಪಿಗೆ ಇದೆ. ನಾನು ಮನೆಯವರ ಬಗ್ಗೆ ಮಾತ್ರ ಹೇಳುತ್ತೇನೆ.

ಐದು ಜನ ಒಟ್ಟಿಗೆ ‘ಮನೆಯವರು’ ಎಂಬ ಒಂದೇ ಗೋಡೆಯಾಗಿ ನಿಂತಾಗ ಕಾಮಿಡಿ ಸಾಯುತ್ತದೆ. ಪ್ರತಿಯೊಬ್ಬರಿಗೂ ಒಂದು ವಾಕ್ಯದ ಆಸೆ ಬರೆಯಿರಿ. ಆ ಆಸೆ ಪ್ರೇಮಿಗಳಿಗೆ ಸಂಬಂಧಿಸಿರಲೇಬಾರದು. ಅವರವರ ಆಸೆಯ ಹಾದಿಯಲ್ಲಿ ಈ ಇಬ್ಬರು ಅಡ್ಡ ಸಿಕ್ಕಬೇಕು, ಅಷ್ಟೇ.

ಭಾವನನ್ನು ತೆಗೆದುಕೊಳ್ಳಿ. ಅವನ ಆಸೆ: ಯಾರಾದರೂ ತನ್ನ ಮಾತನ್ನು ಪೂರ್ತಿ ಕೇಳಬೇಕು. ಮನೆಯಲ್ಲಿ ಅವನ ಒಂದು ವಾಕ್ಯವನ್ನೂ ಯಾರೂ ಮುಗಿಸಲು ಬಿಡುವುದಿಲ್ಲ. ಮಾವ ಒಬ್ಬರೇ ತಲೆಯಾಡಿಸುತ್ತ ಕೂತು ಕೇಳುತ್ತಾರೆ. ಈ ಮನೆಯಲ್ಲಿ ತನ್ನನ್ನು ಅರ್ಥ ಮಾಡಿಕೊಂಡವರು ಮಾವ ಮಾತ್ರ ಎಂದು ಅವನು ನಂಬಿದ್ದಾನೆ. ಪ್ರೇಕ್ಷಕರಿಗೆ ಕಿವಿಯ ವಿಷಯ 20ನೇ ಪುಟದಲ್ಲೇ ಗೊತ್ತಿದ್ದರೆ ಈ ತಲೆಯಾಡಿಸುವಿಕೆ ಪ್ರತಿ ಸಲವೂ ನಗೆ ತರುತ್ತದೆ. ಗುಟ್ಟು ಒಡೆದ ದಿನ ಎಲ್ಲರಿಗಿಂತ ಹೆಚ್ಚು ನೋಯುವವನು ಭಾವನೇ: ‘ಹಂಗಾದ್ರೆ ನಾನು ಹೇಳಿದ್ದು ಏನೂ…’ ಆಗ ಮಾವ: ‘ಕೇಳಿಸ್ತಿರಲಿಲ್ಲ. ನೀನು ಮಾತಾಡೋವಾಗ ನಿನ್ನ ಮುಖ ನೋಡ್ತಾ ಕೂರೋದು ನಂಗಿಷ್ಟ ಕಣಪ್ಪ.’ ಮೂರು ಸಲ ನಗಿಸಿದ ಸಂಗತಿಯೇ ನಾಲ್ಕನೇ ಸಲ ಗಂಟಲು ಕಟ್ಟಿಸುತ್ತದೆ. ನೀವು ಕೇಳುತ್ತಿರುವ ನಗು-ಅಳುವಿನ ಹದ ಇದೇ. ಅಳುವಿಗೆಂದು ಬೇರೆ ಸಾಮಗ್ರಿ ತಂದರೆ ಧಾರಾವಾಹಿ ಆಗುತ್ತದೆ, ನಗಿಸಿದ್ದನ್ನೇ ಹೊರಳಿಸಿದರೆ ಆಗುವುದಿಲ್ಲ. ಮೂರಕ್ಕಿಂತ ಹೆಚ್ಚು ಬಿತ್ತಬೇಡಿ. ಒಂದು ಸಲ ಮಾತ್ರ ಬಿತ್ತಿದರೆ ಮರೆತುಹೋಗುತ್ತದೆ, ಐದು ಸಲ ಬಿತ್ತಿದರೆ ಮುಂದಿನದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಅಜ್ಜಿ ನಿಮ್ಮ ಬಂಗಾರದ ಪಾತ್ರ. ಅವರು ಜೋರಾಗಿ ಮಾತಾಡುತ್ತಾರೆ, ಮಾತಿಗೆ ಮೊದಲು ಮೇಜು ತಟ್ಟುತ್ತಾರೆ, ಮಗನ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಳ್ಳುತ್ತಾರೆ. ಮನೆಯವರೆಲ್ಲ ಅಜ್ಜಿಗೇ ಕಿವಿ ಕೇಳಿಸುವುದಿಲ್ಲ ಎಂದುಕೊಂಡು ಅವರ ಹತ್ತಿರ ಕಿರುಚಿ ಮಾತಾಡುತ್ತಾರೆ. ಕೊನೆಗೆ ತಿಳಿಯುವುದು: ಅಜ್ಜಿಯ ಕಿವಿ ನೆಟ್ಟಗಿದೆ, ಮಗನಿಗೆ ಕೇಳಿಸಲೆಂದು ಹಾಗೆ ಮಾಡುತ್ತಿದ್ದರು. ಹೆತ್ತವಳಿಗೆ ಎಲ್ಲರಿಗಿಂತ ಮೊದಲೇ ಗೊತ್ತಾಗಿತ್ತು.

ಕಿವಿಯ ವಿಷಯದಲ್ಲಿ ನಿಖರವಾಗಿರಿ, ಇಲ್ಲದಿದ್ದರೆ ತಮಾಷೆ ಕಿವುಡುತನದ ಮೇಲೆ ಬಿದ್ದು ಅಸಹ್ಯವಾಗುತ್ತದೆ. ವಯಸ್ಸಿನಿಂದ ಬರುವ ಮಂದತನದಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ತೀಕ್ಷ್ಣ, ಎತ್ತರದ ಸದ್ದುಗಳು. ಸ್ವರಗಳು ಕೇಳಿಸುತ್ತವೆ, ಸ, ಶ, ಫ, ತ, ಕ ಇಂಥ ವ್ಯಂಜನಗಳು ಕಲಸಿಹೋಗುತ್ತವೆ. ಹೆಂಗಸರ, ಮಕ್ಕಳ ದನಿಗಿಂತ ಗಂಡಸಿನ ದಪ್ಪ ದನಿ ಸುಲಭ. ಹತ್ತು ಜನ ಒಟ್ಟಿಗೆ ಮಾತಾಡುವಾಗ ಪೂರ್ತಿ ಕಷ್ಟ. ಗಡಿಯಾರದ ಟಿಕ್ ಸಹ ತೀಕ್ಷ್ಣ ಸದ್ದೇ ಆದ್ದರಿಂದ ನಿಮ್ಮ ಕಥೆ ಗಟ್ಟಿಯಾಗಿ ನಿಲ್ಲುತ್ತದೆ. ಬರೀ ಕಿರುಚಿದರೆ ಮಾತು ಒಡೆದು ಇನ್ನೂ ಕೆಡುತ್ತದೆ. ಗಮನ ಸೆಳೆದು, ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಹೇಳಿದರೆ ತಲುಪುತ್ತದೆ. ಅಜ್ಜಿ ಮಾಡುವುದು ಅದನ್ನೇ.

ಹಾಗಾಗಿ ತಪ್ಪು ಕೇಳಿಸುವ ಪದಗಳನ್ನು ಬಾಯಿಗೆ ಬಂದಂತೆ ಹಾಕಬೇಡಿ. ಸ್ವರ ಅದೇ ಇರಬೇಕು, ವ್ಯಂಜನ ಮಾತ್ರ ಜಾರಬೇಕು. ಗಿರಾಕಿ ‘ಎಷ್ಟು ಕಾಸಾಗುತ್ತೆ?’ ಎಂದರೆ ಅಪ್ಪನಿಗೆ ‘ಎಷ್ಟು ತಾಸಾಗುತ್ತೆ?’ ಎಂದು ಕೇಳಿಸಿ ‘ಎರಡು’ ಅನ್ನುತ್ತಾರೆ. ಗಿರಾಕಿ ಖುಷಿಯಿಂದ ಎರಡೇ ಕಾಸು ಇಟ್ಟು ಹೊರಡುತ್ತಾನೆ, ಮಗಳು ಹಿಂದೆ ಓಡುತ್ತಾಳೆ. ಇಂಥದ್ದು ಇಡೀ ಚಿತ್ರಕ್ಕೆ ಎರಡು ಸಾಕು. ನಗೆ ಬೀಳಬೇಕಾದ್ದು ಮುಚ್ಚಿಡಲು ಒದ್ದಾಡುವವರ ಮೇಲೆ, ಕೇಳಿಸದವರ ಮೇಲಲ್ಲ.

ಅಮ್ಮ, ಅಕ್ಕನ ಬಗ್ಗೆ ನೀವು ಏನೂ ಬರೆದಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಕೆಲಸವಿಲ್ಲದಿದ್ದರೆ ಅವರನ್ನು ತೆಗೆಯುವುದೇ ಲೇಸು.

ಮುಂದಿನ_ಸಾಲು ಉತ್ತರಿಸಿದ್ದು:

ಒಂದು ತಕರಾರು. ಎಲ್ಲವನ್ನೂ 20ನೇ ಪುಟದಲ್ಲೇ ಬಿಚ್ಚಿಟ್ಟರೆ ಕೊನೆಗೆ ಪ್ರೇಕ್ಷಕರಿಗೆ ಹೊಸದಾಗಿ ಸಿಗುವುದೇನು? ಕುಟುಂಬದ ಕಥೆಯಲ್ಲಿ ಕೊನೆಯ ಅರ್ಧ ಗಂಟೆಗೆ ಒಂದಾದರೂ ಗೊತ್ತಿಲ್ಲದ ಸಂಗತಿ ಉಳಿಯಬೇಕು. ಅಜ್ಜಿಯ ಕಿವಿಯೊಂದೇ ಸಾಲದು.

ಪುಟ_ಎಣಿಕೆ ಉತ್ತರಿಸಿದ್ದು:

ನ್ಯಾಯವಾದ ತಕರಾರು. ಎರಡು ಗುಟ್ಟು ಇಟ್ಟುಕೊಳ್ಳಿ. ಒಂದು ನಮಗೆ ಗೊತ್ತಿರುವುದು: ಮಗಳು ಅಪ್ಪನಿಗೆ ತಿಳಿಯದಂತೆ ಗಡಿಯಾರ ತಿದ್ದುತ್ತಾಳೆ. ಇನ್ನೊಂದು ನಮಗೂ ಗೊತ್ತಿಲ್ಲದ್ದು: ಅಪ್ಪನಿಗೆ ಅದು ಗೊತ್ತಿದೆ. ಪೆಟ್ಟಿಗೆಯ ಮೇಲೆ ಬೆರಳಿಟ್ಟರೆ ಪ್ರತಿ ಟಿಕ್ಕಿನ ನಡುಕ ತಿಳಿಯುತ್ತದೆ. ಅವರು ಎಂದೋ ಬೆರಳಿನಿಂದ ಕೇಳಲು ಕಲಿತಿದ್ದಾರೆ. ಆದರೂ ಏರುಪೇರು ಬಿಟ್ಟು ಮಲಗುತ್ತಾರೆ, ಯಾಕೆಂದರೆ ತನ್ನಿಂದ ಅಪ್ಪನಿಗೆ ಆಸರೆ ಎಂಬ ಮಗಳ ನೆಮ್ಮದಿ ಕಸಿಯಲು ಮನಸ್ಸಿಲ್ಲ. ಮಗಳು ಅಪ್ಪನಿಗಾಗಿ ಊರು ಬಿಡುತ್ತಿಲ್ಲ, ಅಪ್ಪ ಮಗಳಿಗಾಗಿ ಗಡಿಯಾರ ಕೆಡಿಸಿಡುತ್ತಿದ್ದಾರೆ. ಇಬ್ಬರ ಪ್ರೀತಿಯೇ ಇಬ್ಬರನ್ನೂ ಕಟ್ಟಿಹಾಕಿದೆ.

ಮೋಸ ಅನಿಸದಿರಲು ಸುಳಿವು ಬೇಕು. ಮೊದಲರ್ಧದಲ್ಲಿ ಎರಡು ಸಲ ಅಪ್ಪ ಗಡಿಯಾರದ ಮೇಲೆ ಕೈಯಿಟ್ಟು ಸುಮ್ಮನೆ ನಿಲ್ಲುವುದು ತೋರಿಸಿ. ನಾವು ಅದನ್ನು ವಾತ್ಸಲ್ಯ ಎಂದುಕೊಳ್ಳುತ್ತೇವೆ. ಕ್ಲೋಸಪ್ ಹಾಕಿದರೆ ಗುಟ್ಟು ಅಲ್ಲೇ ಹೊರಬೀಳುತ್ತದೆ, ಮಿಡ್ ಶಾಟಿನಲ್ಲಿ (ಸೊಂಟದಿಂದ ಮೇಲೆ ಕಾಣುವಷ್ಟು ದೂರದಿಂದ), ಬೇರೆ ಯಾರೋ ಮಾತಾಡುತ್ತಿರುವಾಗ ಇರಲಿ.

ಕತ್ತರಿ_ಮತ್ತು_ಸದ್ದು ಉತ್ತರಿಸಿದ್ದು:

ಚಿತ್ರೀಕರಣದ ಮಾತಿಗೆ ಬರುತ್ತೇನೆ. ಮೊದಲ ಅಪಾಯ ಗಡಿಯಾರಗಳೇ. ಸೆಟ್ಟಿನಲ್ಲಿ ಒಂದೂ ನಡೆಯುತ್ತಿರಬಾರದು. ನಡೆಯುತ್ತಿದ್ದರೆ ಎರಡು ಅನಾಹುತ: ಟೇಕಿನಿಂದ ಟೇಕಿಗೆ ಮುಳ್ಳು ಬೇರೆ ಸಮಯ ತೋರಿಸುತ್ತದೆ, ಮತ್ತು ಮಾತಿನ ಜೊತೆ ಟಿಕ್-ಟಿಕ್ ರೆಕಾರ್ಡ್ ಆಗಿ ಕತ್ತರಿಸಿದ ಕಡೆಯೆಲ್ಲ ತಾಳ ತಪ್ಪುತ್ತದೆ. ಅದನ್ನು ಆಮೇಲೆ ಅಳಿಸುವುದು ಬಲು ಕಷ್ಟ. ಲೋಲಕ ಚೌಕಟ್ಟಿನೊಳಗೆ ಕಾಣುವಂತಿದ್ದರೆ ಆ ಒಂದು ಶಾಟಿಗೆ ಕೈಯಿಂದ ತೂಗಿಬಿಡಿ. ಪ್ರತಿ ದೃಶ್ಯಕ್ಕೂ ಯಾವ ಗಡಿಯಾರದಲ್ಲಿ ಎಷ್ಟು ಗಂಟೆ ಎಂದು ಪಟ್ಟಿ ಮಾಡಿ ಕಂಟಿನ್ಯುಟಿ (ಶಾಟಿನಿಂದ ಶಾಟಿಗೆ ಹೊಂದಿಕೆ) ನೋಡುವವರ ಕೈಗೆ ಕೊಡಿ, ಫೋಟೊ ತೆಗೆಸಿ.

ಸದ್ದನ್ನು ಆಮೇಲೆ ಸೇರಿಸುವುದರಲ್ಲಿ ದೊಡ್ಡ ಲಾಭವಿದೆ. ಸುಮಾರು ಒಂದು ಮೀಟರ್ ಉದ್ದದ ಲೋಲಕ ಸೆಕೆಂಡಿಗೆ ಒಂದು ಟಿಕ್ ಕೊಡುತ್ತದೆ, ಗಿಡ್ಡ ಲೋಲಕ ಅದಕ್ಕಿಂತ ಬೇಗ. ನಾಯಕಿಯ ಗಡಿಬಿಡಿಗೆ ಸಣ್ಣ ಗಡಿಯಾರ ಹತ್ತಿರ, ಅಪ್ಪ-ಮಗಳ ದೃಶ್ಯಕ್ಕೆ ದೊಡ್ಡದು. ಹಿನ್ನೆಲೆ ಸಂಗೀತದ ಅರ್ಧ ಕೆಲಸ ಇದೇ ಮಾಡುತ್ತದೆ. ಅಪ್ಪನ ಕಿವಿಯೊಳಗಿನಿಂದ ಕೇಳಿಸುವಾಗ ಎತ್ತರದ ಸದ್ದುಗಳನ್ನಷ್ಟೇ ಇಳಿಸಿ, ಪೂರ್ತಿ ಮೌನ ಬೇಡ. ಈ ತಂತ್ರವನ್ನು ಇಡೀ ಚಿತ್ರದಲ್ಲಿ ಎರಡು ಸಲಕ್ಕಿಂತ ಹೆಚ್ಚು ಬಳಸಬೇಡಿ.

ಊಟದ ಮೇಜು: ಏಳು ಜನರಿಗೆ ಏಳು ಬಿಡಿ ಕ್ಲೋಸಪ್ ಎಂದು ಹೊರಟರೆ ದಿನ ಮುಗಿಯುತ್ತದೆ, ದೃಶ್ಯ ಮುಗಿಯುವುದಿಲ್ಲ. ಯಾರ ಪಕ್ಕ ಯಾರು ಎಂಬುದನ್ನು ಬರೆಯುವಾಗಲೇ ನಿರ್ಧರಿಸಿ. ಅಪ್ಪನ ಒಂದು ಬದಿ ಅಜ್ಜಿ, ಇನ್ನೊಂದು ಬದಿ ಭಾವ, ಎದುರಿಗೆ ಹೀರೊ. ಒಂದು ಮಾಸ್ಟರ್ (ಇಡೀ ಮೇಜು, ಎಲ್ಲರೂ ಕಾಣುವ ಶಾಟ್), ಮೂವರ ಒಂದು ಗುಂಪು, ಇಬ್ಬಿಬ್ಬರ ಎರಡು ಗುಂಪು, ಅಪ್ಪ ಮತ್ತು ಮಗಳಿಗೆ ಮಾತ್ರ ಬಿಡಿ ಕ್ಲೋಸಪ್. ಅಪ್ಪನಿಂದ ಹೀರೊನಿಗೆ ಒಂದು ಗೆರೆ ಎಳೆದುಕೊಂಡು ಕ್ಯಾಮೆರಾ ಅದರ ಒಂದೇ ಬದಿಯಲ್ಲಿರಲಿ, ಇಲ್ಲದಿದ್ದರೆ ಯಾರು ಯಾರ ಕಡೆ ನೋಡುತ್ತಿದ್ದಾರೆಂದು ಎಡಿಟಿಂಗಿನಲ್ಲಿ ಗೊಂದಲವಾಗುತ್ತದೆ. ಗೆರೆ ದಾಟಲೇಬೇಕಿದ್ದರೆ ಪಾತ್ರವೊಂದು ಎದ್ದು ನಡೆಯುವಾಗ ಅದರ ಜೊತೆ ದಾಟಿ.

ಮಾತಿನ ಮೇಲೆ ಮಾತು ಬೀಳುವುದು ಮನೆಯ ಜೀವಾಳ. ಆದರೆ ಹಾಗೆ ಮಾತಾಡುವುದು ಮಾಸ್ಟರಿನಲ್ಲಿ ಮಾತ್ರ ಇರಲಿ. ಕ್ಲೋಸಪ್ಪಿನಲ್ಲಿ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಶುರು ಮಾಡಲಿ. ಬಿಡಿಬಿಡಿಯಾಗಿ ಸಿಕ್ಕ ಮಾತನ್ನು ಒಂದರ ಮೇಲೊಂದು ಕೂರಿಸಬಹುದು, ಅಂಟಿಕೊಂಡು ಬಂದದ್ದನ್ನು ಬಿಡಿಸಲಾಗುವುದಿಲ್ಲ. ಎಲ್ಲ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿಯೇ ಕೋಣೆಯ ಬರಿ ಸದ್ದನ್ನು 30 ಸೆಕೆಂಡಿನಿಂದ ಒಂದು ನಿಮಿಷ ರೆಕಾರ್ಡ್ ಮಾಡಿ, ಕತ್ತರಿಸಿದ ಕಡೆ ಮಾತುಗಳ ನಡುವೆ ತುಂಬಲು ಬೇಕಾಗುತ್ತದೆ.

ಎಡಿಟಿಂಗಿನಲ್ಲಿ ಎರಡೇ ಮಾತು. ನಗು ಬರುವ ಸಾಲಿನ ಬೆನ್ನಿಗೇ ಕಥೆಗೆ ಬೇಕಾದ ಮಾಹಿತಿ ಇಡಬೇಡಿ, ನಗುವಿನಲ್ಲಿ ಮುಳುಗಿಹೋಗುತ್ತದೆ. ನಡುವೆ ಯಾರದೋ ಮುಖ, ಒಂದು ನೋಟ ಇರಲಿ. ಇನ್ನೊಂದು, ಸೆಕೆಂಡ್ ಹಾಫನ್ನು ಮೊದಲ ಸಲ ಸಂಗೀತವೇ ಇಲ್ಲದೆ ಜೋಡಿಸಿ ನೋಡಿ. ಪಾತ್ರದ ಕಣ್ಣು ತೇವವಾಗುವ ಮೊದಲೇ ಪಿಟೀಲು ಶುರುವಾದರೆ ಧಾರಾವಾಹಿಯ ವಾಸನೆ ಬರುವುದು ಅಲ್ಲಿಂದಲೇ.

ಎರಡನೇ_ಡ್ರಾಫ್ಟ್ ಬರೆದದ್ದು:

ಎಲ್ಲರಿಗೂ ಧನ್ಯವಾದ, ಸಹಪಾಠಿ ಹೋದ. ಅಮ್ಮನನ್ನು ಉಳಿಸಿಕೊಳ್ಳುತ್ತಿದ್ದೇನೆ: ಗಂಡ ಸುಮ್ಮನಾಗಿರುವುದು ತನ್ನ ಮೇಲಿನ ಬೇಸರದಿಂದ ಎಂದುಕೊಂಡಿದ್ದಾರೆ. ಅಕ್ಕನದು ಭಾವನ ವಾಕ್ಯಗಳನ್ನು ಕತ್ತರಿಸುವ ಕೆಲಸ. ಉಳಿದಿರುವುದು ಕ್ಲೈಮ್ಯಾಕ್ಸ್. ರೈಲು ನಿಲ್ದಾಣ ಬೇಡ ಅಂದರೆ ಬೇರೆ ಏನು?

ಪುಟ_ಎಣಿಕೆ ಉತ್ತರಿಸಿದ್ದು:

ಅಮ್ಮನ ವಿಷಯ ತುಂಬ ಚೆನ್ನಾಗಿದೆ, ಅದಕ್ಕೆ ಕಡೆಯಲ್ಲಿ ಒಂದು ಸಾಲಾದರೂ ಇಡಿ.

ಓಟ ಬೇಡ ಎನ್ನುವುದಕ್ಕೆ ಕಾರಣವಿದೆ. ನಿಮ್ಮ ಕಥೆಯ ತೊಡಕು ದೂರದ್ದಲ್ಲ, ಓಡಿ ತಲುಪಿದರೆ ಅದು ಬಿಡಿಸಿಕೊಳ್ಳುವುದಿಲ್ಲ. ಮೇಲಾಗಿ ನಿಲ್ದಾಣಕ್ಕೆ ಹೋದರೆ ಮನೆಯವರೆಲ್ಲ ಚಿತ್ರದಿಂದ ಹೊರಗುಳಿಯುತ್ತಾರೆ. 1987ರ ‘ಮೂನ್‌ಸ್ಟ್ರಕ್’ ಮುಗಿಯುವುದು ಮನೆಯ ಅಡುಗೆಮನೆಯಲ್ಲಿ. ಒಬ್ಬೊಬ್ಬರಾಗಿ ಬಂದು ಮೇಜಿನ ಸುತ್ತ ಕೂರುತ್ತಾರೆ, ಮದುವೆಯ ಮಾತೂ ಎಲ್ಲರ ಎದುರಿಗೇ ಆಗುತ್ತದೆ. ಪ್ರೇಮಿಗಳ ಮಾತನ್ನು ಮನೆಯವರು ಕೇಳಿಸಿಕೊಳ್ಳುತ್ತಿರುವುದರಿಂದಲೇ ಅಲ್ಲಿ ನಗುವೂ ಇದೆ, ಎದೆಬಡಿತವೂ ಇದೆ.

ನಿಮ್ಮಲ್ಲಿ ಹೀರೊ ತಾತನ ಗಡಿಯಾರ ಒಯ್ಯಲು ಅಂಗಡಿಗೆ ಬರಲಿ. ಮೊದಲ ಕ್ಷಮೆ ಅವಳಿಗಲ್ಲ, ಅಪ್ಪನಿಗೆ. ಎದುರಿಗೆ ಕೂತು, ಮೇಜು ತಟ್ಟಿ, ಮುಖ ನೋಡಿ, ನಿಧಾನವಾಗಿ, ಅಜ್ಜಿಯಿಂದ ಕಲಿತ ರೀತಿಯಲ್ಲಿ. ಸರಿ ಮಾಡಲು ಧಾವಿಸುತ್ತಿದ್ದವನು ಈಗ ಕಾಯುತ್ತಾನೆ. ಅಪ್ಪ ಗಡಿಯಾರವನ್ನು ತೂಗುಹಾಕಿ, ಮಗಳ ಕಣ್ಣೆದುರೇ ಪೆಟ್ಟಿಗೆಗೆ ಬೆರಳಿಟ್ಟು, ಹಿಂದಿನ ಕಡ್ಡಿಯನ್ನು ತಾವೇ ಬಗ್ಗಿಸಿ ಟಿಕ್-ಟಾಕ್ ಸಮ ಮಾಡುತ್ತಾರೆ. ಮಗಳಿಗೆ ಎಲ್ಲ ಅರ್ಥವಾಗುತ್ತದೆ. ಅಪ್ಪನ ಬಾಯಿಗೆ ಉದ್ದನೆಯ ಮಾತು ಕೊಡಬೇಡಿ. ‘ಇನ್ನು ರಾತ್ರಿ ಮಲಕ್ಕೊಮ್ಮ’ ಎಂದರೆ ಸಾಕು.

ಊಟದ_ಮೇಜು ಉತ್ತರಿಸಿದ್ದು:

ಆ ದೃಶ್ಯದಲ್ಲಿ ಬಾಗಿಲ ಬಳಿ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿರುವಾಗ ಭಾವ ಏನೋ ಹೇಳಲು ಬಾಯಿ ತೆರೆಯಲಿ, ಅಕ್ಕ ಮೊದಲ ಸಲ ಅವನನ್ನು ತಡೆಯದಿರಲಿ.

ಮೂರನೇ ಡ್ರಾಫ್ಟ್ ಮುಗಿದ ಮೇಲೆ ಗಟ್ಟಿಯಾಗಿ ಓದಿಸಿ. ಪಾತ್ರಕ್ಕೊಬ್ಬರಂತೆ ಏಳು ಜನ, ಕ್ರಿಯೆಯ ಸಾಲುಗಳಿಗೆ ಎಂಟನೆಯವರು. ನೀವು ಓದಬೇಡಿ, ಪೆನ್ಸಿಲ್ ಹಿಡಿದು ಕೂತು ನಕ್ಕ ಕಡೆ ಅಂಚಿನಲ್ಲಿ ಒಂದು ಗೆರೆ, ಕೆಮ್ಮಿದ, ಪುಟ ಮುಂದೆ ತಿರುವಿ ನೋಡಿದ ಕಡೆ ಒಂದು ಸೊನ್ನೆ ಹಾಕಿ. ಸತತ ಆರು ಪುಟ ಗೆರೆಯೇ ಇಲ್ಲದಿದ್ದರೆ ಅಲ್ಲಿ ಹೊಸ ಜೋಕು ತುರುಕಬೇಡಿ. ಅದಕ್ಕೆ ಹಿಂದಿನ ಹತ್ತು ಪುಟದಲ್ಲಿ ಪ್ರೇಕ್ಷಕರಿಂದ ಏನನ್ನು ಮುಚ್ಚಿಟ್ಟಿದ್ದೀರಿ ಎಂದು ಹುಡುಕಿ.